ಐಷಾರಾಮಿ ಹೈಬ್ರಿಡ್ ಸೆಡಾನ್: ಕಾಗದದ ಮೇಲೆ ಎಷ್ಟು ಕುದುರೆ, ಘಾಟಿಯಲ್ಲಿ ಎಷ್ಟು?

ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ ಮತ್ತು ಎಲೆಕ್ಟ್ರಿಕ್ ಮೋಟರ್ ಎರಡೂ ಇರುವ ಕಾರು. ಅದರ ವಿವರಪಟ್ಟಿಯಲ್ಲಿ ಒಂದು ವಿಚಿತ್ರ ಲೆಕ್ಕ ಉಂಟು. ಪೆಟ್ರೋಲ್ ಇಂಜಿನ್‌ನ ಶಕ್ತಿ ಸುಮಾರು 185 ಪಿಎಸ್, ಅಂದರೆ ಅಷ್ಟು ಕುದುರೆ ಶಕ್ತಿ. ಎಲೆಕ್ಟ್ರಿಕ್ ಮೋಟರ್‌ನದ್ದು 136ರಷ್ಟು. ಕೂಡಿಸಿದರೆ 320 ಆಗಬೇಕು, ಅಲ್ವಾ? ಕಂಪನಿ ಹೇಳುವ ಒಟ್ಟು ಶಕ್ತಿ ಮಾತ್ರ 230. ಉಳಿದ ತೊಂಬತ್ತು ಕುದುರೆ ಎಲ್ಲಿಗೆ ಹೋದವು?

ಎಲ್ಲಿಗೂ ಹೋಗಿಲ್ಲ, ಒಟ್ಟಿಗೆ ಓಡಲು ಅವಕ್ಕೆ ಮೇವಿಲ್ಲ ಅಷ್ಟೇ. ಮೋಟರ್ 136 ಪಿಎಸ್ ಕೊಡಬಲ್ಲದು ನಿಜ. ಆದರೆ ಅಷ್ಟು ಕರೆಂಟ್ ಯಾರಾದರೂ ಕೊಡಬೇಕಲ್ಲ. ಕ್ಯಾಮ್ರಿಯ ಹಿಂದಿನ ಸೀಟಿನ ಅಡಿಯಲ್ಲಿರುವ ಬ್ಯಾಟರಿ ತೀರಾ ಚಿಕ್ಕದು. 230ರಿಂದ 185 ಕಳೆದರೆ ಸಿಗುವ 45 ಪಿಎಸ್ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟೇ ಅದು ಒಮ್ಮೆಲೇ ಕೊಡಬಹುದಾದದ್ದು. ಮೋಟರ್‌ಗೆ ಬೇಕಾದ ಉಳಿದ ಕರೆಂಟನ್ನು ಇಂಜಿನ್ನೇ ಜನರೇಟರ್ ತಿರುಗಿಸಿ ಕೊಡಬೇಕು. ಅಂದರೆ ಅದೇ 185 ಇನ್ನೊಂದು ದಾರಿಯಲ್ಲಿ ಚಕ್ರಕ್ಕೆ ಬರುತ್ತದೆ. ಎರಡು ಸಲ ಎಣಿಸುವ ಹಾಗಿಲ್ಲ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಮಂಗಳೂರು, ಉಡುಪಿ, ಮಣಿಪಾಲದ ಕಡೆ ಅರವತ್ತು-ಎಪ್ಪತ್ತು ಲಕ್ಷ ಕೈಯಲ್ಲಿಟ್ಟುಕೊಂಡು ಸೆಡಾನ್ ನೋಡಲು ಹೊರಟವರಿಗೆ ಈಗ ಎಲ್ಲ ಶೋರೂಮ್‌ನಲ್ಲೂ 'ಹೈಬ್ರಿಡ್' ಎಂಬ ಪದವೇ ಕೇಳಿಸುತ್ತದೆ. ಪವರ್ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂದು ಹೇಳುತ್ತಾರೆ. ಆ ಪವರ್ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂದು ಯಾರೂ ಹೇಳುವುದಿಲ್ಲ. ನಮ್ಮ ಗುಡ್ಡ, ಘಾಟಿ, ಮಳೆಗೆ ಮುಖ್ಯವಾದದ್ದು ಈ ಎರಡನೆಯ ಪ್ರಶ್ನೆ. ಉತ್ತರವೂ ಸ್ವಲ್ಪ ತಲೆಕೆಳಗಾಗಿದೆ: ಚಿಕ್ಕ ಬ್ಯಾಟರಿಯ ಹೈಬ್ರಿಡ್ ಘಾಟಿ ಹತ್ತುವಾಗ ಸೋಲುವುದಿಲ್ಲ, ಇಳಿಯುವಾಗ ಸೋಲುತ್ತದೆ.

ಒಂದೇ ಹೆಸರು, ಮೂರು ಬಗೆಯ ಕಾರು

ಮೊದಲನೆಯದು ಮೈಲ್ಡ್ ಹೈಬ್ರಿಡ್. ಮರ್ಸಿಡಿಸ್ ಸಿ-ಕ್ಲಾಸ್, ಬಿಎಂಡಬ್ಲ್ಯು 530ಎಲ್‌ಐ ಮುಂತಾದವುಗಳಲ್ಲಿ ಇರುವ 48 ವೋಲ್ಟ್ ವ್ಯವಸ್ಥೆ ಇದು. ಇಂಜಿನ್‌ಗೆ ಜೋಡಿಸಿದ ಒಂದು ಚಿಕ್ಕ ಮೋಟರ್ ಸ್ಟಾರ್ಟರ್ ಕೆಲಸವನ್ನೂ ಮಾಡುತ್ತದೆ, ಹೊರಡುವಾಗ ಒಂದಿಷ್ಟು ದೂಡುತ್ತದೆ. ಸಿ-ಕ್ಲಾಸ್‌ನಲ್ಲಿ ಆ ದೂಡುವಿಕೆ ಸುಮಾರು 20 ಪಿಎಸ್. ಕಾರು ಕರೆಂಟಿನಲ್ಲೇ ಓಡುವ ಮಾತಿಲ್ಲ. ಸಿಗ್ನಲ್‌ನಲ್ಲಿ ಇಂಜಿನ್ ನಿಂತು ಮತ್ತೆ ಶುರುವಾಗುವಾಗ ಕುಲುಕುವುದಿಲ್ಲ, ಅದೊಂದು ಸುಖ. ಒಳ್ಳೆಯ ಪೆಟ್ರೋಲ್ ಕಾರಿಗೆ ಒಳ್ಳೆಯ ಸ್ಟಾರ್ಟರ್ ಎನ್ನಿ, ಸಾಕು. ಇದಕ್ಕೆ ಹೈಬ್ರಿಡ್ ಎಂಬ ದೊಡ್ಡ ಹೆಸರು ಯಾಕೋ ನನಗೆ ಇನ್ನೂ ಒಗ್ಗಿಲ್ಲ.

ಎರಡನೆಯದು ಸ್ಟ್ರಾಂಗ್ ಹೈಬ್ರಿಡ್. ಟೊಯೊಟಾ ಕ್ಯಾಮ್ರಿ, ಲೆಕ್ಸಸ್ ಇಎಸ್ 300ಎಚ್ ಈ ಸಾಲಿನವು. ಎರಡೂ ನಮ್ಮ ರಾಜ್ಯದ ಬಿಡದಿಯಲ್ಲೇ ಜೋಡಣೆಯಾಗಿ ಬಂದವು. ಇವಕ್ಕೆ ಪ್ಲಗ್ ಹಾಕುವ ಕೆಲಸ ಇಲ್ಲ. ಬ್ರೇಕ್ ಒತ್ತಿದಾಗ ಮತ್ತು ಇಂಜಿನ್‌ಗೆ ಬಿಡುವಾದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಪೇಟೆಯಲ್ಲಿ ಸ್ವಲ್ಪ ದೂರ ಬರೀ ಕರೆಂಟಿನಲ್ಲೂ ಹೋಗುತ್ತವೆ. ಇದೇ ಸುಖ ಕಡಿಮೆ ದುಡ್ಡಿಗೆ ಬೇಕಾದರೆ 2022ರಲ್ಲಿ ಬಂದ ಹೋಂಡಾ ಸಿಟಿ ಹೈಬ್ರಿಡ್ ಇದೆ. ಅದರ ಒಳಗಿನ ಏರ್ಪಾಡು ಬೇರೆ, ಅಲ್ಲಿ ಹೆಚ್ಚಿನ ಹೊತ್ತು ಮೋಟರ್ ಚಕ್ರ ತಿರುಗಿಸುತ್ತದೆ, ಇಂಜಿನ್ ಕರೆಂಟ್ ತಯಾರಿಸುತ್ತದೆ. ಐಷಾರಾಮಿ ಕಾರಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಮೂರನೆಯದು ಪ್ಲಗ್-ಇನ್. ದೊಡ್ಡ ಬ್ಯಾಟರಿ, ಮನೆಯಲ್ಲಿ ಚಾರ್ಜ್, ಜೊತೆಗೆ ದೊಡ್ಡ ಇಂಜಿನ್. 2024ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದ ಬಿಎಂಡಬ್ಲ್ಯು ಎಂ5 ಮತ್ತು ಮರ್ಸಿಡಿಸ್-ಎಎಂಜಿ ಸಿ 63 ಎಸ್ ಇ ಪರ್ಫಾರ್ಮೆನ್ಸ್ ಈ ಜಾತಿಯವು. ಎರಡರ ಬೆಲೆಯೂ ಎರಡು ಕೋಟಿಯ ಆಸುಪಾಸು. ಕರಾವಳಿಯಲ್ಲಿ ಇವು ದಿನಾ ಕಣ್ಣಿಗೆ ಬೀಳುವ ಕಾರುಗಳಲ್ಲ, ಆದರೂ ಪರ್ಫಾರ್ಮೆನ್ಸ್ ಬಗ್ಗೆ ಬರೆಯುವಾಗ ಇವನ್ನು ಬಿಡುವಂತಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪೇಟೆಯೊಳಗಿನ ಲೆಕ್ಕ

ಮಂಗಳೂರು ಸಮತಟ್ಟಾದ ಊರಲ್ಲ. ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಕಡೆ ತಿರುಗಿದರೆ ಏರು. ಬಲ್ಮಠ, ಬೆಂದೂರು, ಕದ್ರಿ ಎಲ್ಲ ಏರಿಳಿತವೇ. ನಂತೂರು ಸರ್ಕಲ್‌ನಲ್ಲಿ ಸಂಜೆ ಆರು ಗಂಟೆಗೆ ಕಾರು ಮುಂದಕ್ಕೆ ಹೋಗುವುದು ಮೀಟರ್ ಲೆಕ್ಕದಲ್ಲಿ. ಕೆಪಿಟಿ, ಕೊಟ್ಟಾರ ಚೌಕಿ, ಕೂಳೂರು ಸೇತುವೆ ದಾಟುವುದರೊಳಗೆ ನೂರು ಸಲ ಬ್ರೇಕ್, ನೂರು ಸಲ ಆಕ್ಸಿಲರೇಟರ್. ಇಂಥ ಕಡೆ ಸೊನ್ನೆಯಿಂದ ನೂರು ಎಂಬ ಅಂಕಿ ತೆಗೆದುಕೊಂಡು ಎಂತ ಮಾಡುವುದು? ಇಲ್ಲಿ ಬೇಕಾದದ್ದು ಸೊನ್ನೆಯಿಂದ ನಲವತ್ತು. ಅದೂ ಏರಿನಲ್ಲಿ, ಎಸಿ ಹಾಕಿಕೊಂಡು, ಮುಂದಿರುವ ಸಿಟಿ ಬಸ್ ಯಾವ ಕ್ಷಣದಲ್ಲಿ ನಿಲ್ಲುತ್ತದೆ ಎಂದು ಗೊತ್ತಿಲ್ಲದೆ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಜನ ಕೂತ ಕ್ಯಾಮ್ರಿ ಎರಡು ಟನ್ ಹತ್ತಿರ ತೂಗುತ್ತದೆ. ಅದನ್ನು ನಿಂತಲ್ಲಿಂದ ಗಂಟೆಗೆ 40 ಕಿ.ಮೀ. ವೇಗಕ್ಕೆ ತರಲು ಬೇಕಾದ ಶಕ್ತಿ ಸುಮಾರು 0.034 ಯೂನಿಟ್. ಯೂನಿಟ್ ಅಂದರೆ ನಮ್ಮ ಮೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಕ್ಯಾಮ್ರಿಯ ಬ್ಯಾಟರಿ ಒಟ್ಟು ಒಂದು ಯೂನಿಟ್‌ನಷ್ಟು ಹಿಡಿಯುತ್ತದೆ, ಅದರಲ್ಲೂ ಬಾಳಿಕೆಗಾಗಿ ನಡುವಿನ ಒಂದು ಭಾಗವನ್ನಷ್ಟೇ ಕಾರು ಬಳಸುತ್ತದೆ. ಅಷ್ಟಿದ್ದರೂ ಇಂಥ ಹತ್ತಾರು ಹೊರಡುವಿಕೆಗೆ ಅದು ಸಾಕು. ಮುಂದೆ ಬ್ರೇಕ್ ಒತ್ತಿದಾಗ ಖರ್ಚಾದದ್ದರಲ್ಲಿ ಒಳ್ಳೆಯ ಪಾಲು ಮತ್ತೆ ಒಳಗೆ ಬರುತ್ತದೆ. ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಅದೆಲ್ಲ ಬ್ರೇಕ್ ಪ್ಯಾಡ್ ಬಿಸಿಯಾಗಿ ಗಾಳಿಗೆ ಹೋಗುತ್ತಿತ್ತು.

ಓಡಿಸುವವರಿಗೆ ಇದು ಹೇಗೆ ಕಾಣುತ್ತದೆ? ಮೋಟರ್‌ಗೆ 208 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಚಕ್ರ ತಿರುಗಲು ಶುರುವಾದ ಕ್ಷಣದಿಂದಲೇ ಇದೆ. ಟರ್ಬೊ ಪೆಟ್ರೋಲ್ ಕಾರು ಆಕ್ಸಿಲರೇಟರ್ ಒತ್ತಿದ ಮೇಲೆ ಅರೆಕ್ಷಣ ಯೋಚಿಸಿ, ಗೇರ್ ಇಳಿಸಿ, ಆಮೇಲೆ ಹಾರುತ್ತದೆ. ಸ್ಟ್ರಾಂಗ್ ಹೈಬ್ರಿಡ್ ಯೋಚಿಸುವುದಿಲ್ಲ. ಏರಿನಲ್ಲಿ ನಿಂತ ಕಾರು ಸದ್ದಿಲ್ಲದೆ ಹೊರಡುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ತಲೆ ಹಿಂದಕ್ಕೆ ವಾಲುವುದಿಲ್ಲ. ಇದನ್ನು ಪರ್ಫಾರ್ಮೆನ್ಸ್ ಅಲ್ಲ ಎಂದು ಯಾಕೆ ಹೇಳಬೇಕು? ಲೆಕ್ಸಸ್ ಇಎಸ್ 300ಎಚ್ ಸೊನ್ನೆಯಿಂದ ನೂರಕ್ಕೆ ತೆಗೆದುಕೊಳ್ಳುವುದು 8.9 ಸೆಕೆಂಡ್. ಅರವತ್ತು ಲಕ್ಷ ದಾಟಿದ ಕಾರಿಗೆ ಇದು ನಾಚಿಕೆಪಡುವಂಥ ಅಂಕಿ ಎಂದು ಕಾರು ಹುಚ್ಚಿನ ಹುಡುಗರು ನಗುತ್ತಾರೆ. ಬೆಂದೂರ್‌ವೆಲ್ ಏರಿನಲ್ಲಿ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದರೆ ಬೇರೆ ಮಾತು ಬಂದೀತು.

ಒಂದು ದೂರು ಮಾತ್ರ ನ್ಯಾಯದ್ದು. ಟೊಯೊಟಾ ಮತ್ತು ಲೆಕ್ಸಸ್‌ನಲ್ಲಿ ಮಾಮೂಲಿ ಗೇರ್‌ಬಾಕ್ಸ್ ಇಲ್ಲ. ಇಂಜಿನ್, ಜನರೇಟರ್, ಮೋಟರ್ ಮೂರನ್ನೂ ಒಂದು ಹಲ್ಲುಚಕ್ರಗಳ ಗುಂಪು ಸೇರಿಸುತ್ತದೆ. ಕ್ಲಚ್ ಇಲ್ಲ, ಸವೆಯುವ ಬೆಲ್ಟ್ ಇಲ್ಲ, ಆದ್ದರಿಂದ ಬಾಳಿಕೆ ಜಾಸ್ತಿ. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ನಿಧಾನಕ್ಕೆ ಬರುತ್ತದೆ. ಕಿವಿಗೂ ಕಣ್ಣಿಗೂ ತಾಳ ತಪ್ಪುತ್ತದೆ. ಲೆಕ್ಸಸ್ ಸದ್ದು ತಡೆಯುವ ಸಾಮಗ್ರಿ ತುಂಬಿ ಇದನ್ನು ಮುಚ್ಚಿಟ್ಟಿದೆ. ಪೂರ್ತಿ ಒತ್ತುವ ಚಟ ಇದ್ದವರಿಗೆ ಈ ಕಾರು ಹೇಳಿಸಿದ್ದಲ್ಲ.

ಹತ್ತುವಾಗ ಗೆದ್ದು ಇಳಿಯುವಾಗ ಸೋಲುವುದು

ಈಗ ಘಾಟಿಗೆ ಬರೋಣ. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ. 14 ಹೇರ್‌ಪಿನ್ ತಿರುವು. ಕೆಳಗಿನಿಂದ ಮೇಲಕ್ಕೆ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಎಂದು ಹಿಡಿಯಿರಿ.

ಎರಡು ಟನ್ ತೂಕವನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ 2.7 ಯೂನಿಟ್. ಹದಿನೈದು ನಿಮಿಷದಲ್ಲಿ ಹತ್ತಿದರೆ ಅದು ಸರಾಸರಿ ಹದಿನೈದು ಪಿಎಸ್ ಅಷ್ಟೇ ಆಯಿತು. ಟಯರ್ ಉಜ್ಜುವಿಕೆ, ಗಾಳಿ, ಎಸಿ ಎಲ್ಲ ಸೇರಿಸಿ ಮೂವತ್ತು ಅನ್ನಿ. 230 ಪಿಎಸ್‌ನಲ್ಲಿ ಎಂಟನೇ ಒಂದು ಭಾಗ. ಹೀಗಾಗಿ 'ಘಾಟಿ ಹತ್ತುವಾಗ ಬ್ಯಾಟರಿ ಖಾಲಿಯಾದರೆ ಕಾರು ನಿಂತುಹೋಗುತ್ತದಾ?' ಎಂಬ ಹೆದರಿಕೆಗೆ ಆಧಾರವೇ ಇಲ್ಲ. ಸರಾಸರಿ ಕೆಲಸವನ್ನು ಇಂಜಿನ್ ಸಲೀಸಾಗಿ ಮಾಡುತ್ತದೆ. ಬ್ಯಾಟರಿಯ ಸಹಾಯ ಬೇಕಾಗುವುದು ತಿರುವು ಮುಗಿದ ತಕ್ಷಣ ಐದು ಸೆಕೆಂಡ್, ಮುಂದಿನ ಜೀಪನ್ನು ಹಿಂದೆ ಹಾಕುವಾಗ ಇನ್ನೈದು ಸೆಕೆಂಡ್. ಐದು ಸೆಕೆಂಡಿನ ಅಂಥ ಒಂದು ನೂಕಿಗೆ ಬ್ಯಾಟರಿಯಿಂದ ಹೋಗುವುದು 0.05 ಯೂನಿಟ್‌ಗಿಂತ ಕಡಿಮೆ. ನಡುವಿನ ನೇರ ಹಾದಿಯಲ್ಲಿ ಇಂಜಿನ್ ಅದನ್ನು ತುಂಬಿಸಿಬಿಡುತ್ತದೆ. ಬ್ಯಾಟರಿ ಚಿಕ್ಕದಿದ್ದರೂ ಇಲ್ಲಿ ಕೊರತೆ ಕಾಣುವುದಿಲ್ಲ.

ಒಂದು ಕಡೆ ಕೊರತೆ ಕಂಡೀತು. ಶಿರಾಡಿಯಂಥ ಉದ್ದದ ಏರಿನಲ್ಲಿ ಲಾರಿಗಳ ಸಾಲನ್ನು ಒಂದರ ಹಿಂದೆ ಒಂದು ದಾಟುತ್ತಾ, ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತದೇ ಹೋದರೆ ಬ್ಯಾಟರಿ ತಳ ಮುಟ್ಟುತ್ತದೆ. ಆಗ ಕೈಯಲ್ಲಿರುವುದು 230 ಅಲ್ಲ, 185. ಅದೂ ಕಮ್ಮಿಯೇನಲ್ಲ. ಆದರೆ ಮೊದಲನೇ ಲಾರಿ ದಾಟಿದಷ್ಟೇ ಜಾಗದಲ್ಲಿ ಐದನೆಯದನ್ನೂ ದಾಟಬಹುದು ಎಂದು ನಂಬಿ ನುಗ್ಗುವುದು ತಪ್ಪು. ಕಾರು ಅದೇ, ರಸ್ತೆ ಅದೇ, ಶಕ್ತಿ ಮಾತ್ರ ಐದನೇ ಒಂದು ಪಾಲು ಕಡಿಮೆಯಾಗಿರುತ್ತದೆ. ಡ್ಯಾಶ್‌ಬೋರ್ಡ್‌ನ ಬ್ಯಾಟರಿ ಗುರುತನ್ನು ಒಮ್ಮೆ ನೋಡಿಕೊಂಡು ಓವರ್‌ಟೇಕ್ ಮಾಡುವ ಅಭ್ಯಾಸ ಒಳ್ಳೆಯದು.

ನಿಜವಾದ ತೊಂದರೆ ಇಳಿಯುವಾಗ. ಅದೇ 2.7 ಯೂನಿಟ್ ಈಗ ವಾಪಸ್ ಬರುತ್ತದೆ. ಟಯರ್ ಮತ್ತು ಗಾಳಿಯಲ್ಲಿ ಹೋದದ್ದು ಹೋಗಲಿ, ಪರಿವರ್ತನೆಯ ನಷ್ಟವನ್ನೂ ಕಳೆಯಿರಿ. ಆದರೂ ಒಂದು ಯೂನಿಟ್‌ಗಿಂತ ಜಾಸ್ತಿ ಬ್ಯಾಟರಿಗೆ ಹೋಗಲು ಕಾದಿರುತ್ತದೆ. ಅಲ್ಲಿ ಖಾಲಿ ಜಾಗ ಅದರ ಅರ್ಧವೂ ಇಲ್ಲ. ಹದಿನಾಲ್ಕು ತಿರುವಿನಲ್ಲಿ ಅರ್ಧ ಮುಗಿಯುವುದರೊಳಗೆ ಬ್ಯಾಟರಿ ತುಂಬಿ ತುಳುಕುವ ಸ್ಥಿತಿ. ಅಲ್ಲಿಂದ ಮುಂದೆ ಮೋಟರ್ ಬ್ರೇಕಿನಂತೆ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ. ಹೆಚ್ಚಿನ ಭಾರ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ. ಹೈಬ್ರಿಡ್ ಆದ್ದರಿಂದ ಬ್ರೇಕ್ ಬಿಸಿಯಾಗುವುದಿಲ್ಲ ಎಂದುಕೊಂಡು ಸುಮ್ನೆ ಕಾಲಿಟ್ಟುಕೊಂಡೇ ಇಳಿದವರಿಗೆ ಸೋಮೇಶ್ವರ ಹತ್ತಿರವಾಗುವಾಗ ಸುಟ್ಟ ವಾಸನೆ ಬಂದರೆ ಅದರಲ್ಲಿ ಕಾರಿನ ತಪ್ಪಿಲ್ಲ.

ಇದಕ್ಕೆ ಪರಿಹಾರವೂ ಕಾರಿನಲ್ಲೇ ಉಂಟು. ಗೇರ್ ಲಿವರ್‌ನಲ್ಲಿ ಬಿ ಅಥವಾ ಎಸ್ ಎಂಬ ಗುರುತು ಇರುತ್ತದೆ. ಅದಕ್ಕೆ ಹಾಕಿದರೆ ಪೆಟ್ರೋಲ್ ಸುಡದೇ ಇಂಜಿನ್ ಸುತ್ತುತ್ತದೆ, ಹೆಚ್ಚಿನ ಶಕ್ತಿಯನ್ನು ಅದು ತಿನ್ನುತ್ತದೆ. ಕಾಲು ಆಕ್ಸಿಲರೇಟರ್ ಮೇಲೆ ಇಲ್ಲದಿದ್ದರೂ ಇಂಜಿನ್ ಜೋರಾಗಿ ಕೂಗುವುದು ಕೇಳಿ ಕೆಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಅದು ನಿಮ್ಮ ಬ್ರೇಕ್ ಉಳಿಸುತ್ತಿದೆ. ಕಾರು ಒಪ್ಪಿಸುವ ದಿನ ಹೂಮಾಲೆ, ಕೇಕ್, ಫೋಟೊ ಎಲ್ಲ ಇರುತ್ತದೆ. ಈ ಲಿವರ್‌ನ ವಿಷಯ ಮಾತ್ರ ಹೇಳುವವರು ಅಪರೂಪ. ಘಟ್ಟದ ಬುಡದಲ್ಲಿರುವ ಜಿಲ್ಲೆಯಲ್ಲಿ ಕಾರು ಮಾರುವವರು ಮೊದಲು ಹೇಳಬೇಕಾದದ್ದು ಅದನ್ನು.

ಹತ್ತು ಸೆಕೆಂಡಿನ ಸಿರಿವಂತಿಕೆ

ಎಎಂಜಿ ಸಿ 63 ಮೇಲೆ ಬರೆದಿರುವುದು 680 ಪಿಎಸ್. ಇದರಲ್ಲಿ 476 ಎರಡು ಲೀಟರ್‌ನ ನಾಲ್ಕು ಸಿಲಿಂಡರ್ ಇಂಜಿನ್‌ನದ್ದು. ಉಳಿದ 204 ಹಿಂಬದಿಯ ಮೋಟರ್‌ನದ್ದು. ಆ 204 ಸಿಗುವುದು ಹತ್ತು ಸೆಕೆಂಡ್ ಮಾತ್ರ. ಇದನ್ನು ಹೇಳುವುದು ಮರ್ಸಿಡಿಸ್ಸೇ. ಸತತವಾಗಿ ಸಿಗುವುದು 95. ಸೊನ್ನೆಯಿಂದ ನೂರಕ್ಕೆ 3.4 ಸೆಕೆಂಡ್ ಸಾಕಾದ್ದರಿಂದ ಹತ್ತು ಸೆಕೆಂಡ್ ಎಂದರೆ ಧಾರಾಳವೇ. ನಮ್ಮ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆ ಹತ್ತು ಸೆಕೆಂಡ್ ಪೂರ್ತಿ ಬಳಸಲು ಜಾಗ ಹುಡುಕಬೇಕು. ಮುಲ್ಕಿ, ಪಡುಬಿದ್ರಿ, ಕಟಪಾಡಿ ಎಲ್ಲಿ ನೋಡಿದರೂ ಅಡ್ಡ ಬರುವ ಸ್ಕೂಟರ್, ತಪ್ಪು ದಿಕ್ಕಿನಲ್ಲಿ ಬರುವ ರಿಕ್ಷಾ.

ಈ ಕಾರಿಗೆ ಅಭಿಮಾನಿಗಳು ಒಲಿಯಲಿಲ್ಲ. ಹಿಂದಿನ ಸಿ 63ರಲ್ಲಿ ನಾಲ್ಕು ಲೀಟರ್‌ನ ವಿ8 (ಎಂಟು ಸಿಲಿಂಡರ್) ಇಂಜಿನ್ ಇತ್ತು, ಎಸ್ ಮಾದರಿಯಲ್ಲಿ 510 ಪಿಎಸ್. ಹೊಸದು ಅದಕ್ಕಿಂತ 170 ಜಾಸ್ತಿ, ಓಟದಲ್ಲೂ ಮುಂದೆ. ಆದರೂ ವಿ8ರ ಗುಡುಗು ಹೋಯಿತಲ್ಲ ಎಂಬ ಮುನಿಸು ಪ್ರಪಂಚದಾದ್ಯಂತ ಕೇಳಿಬಂತು. ಅಂಕಿ ಗೆದ್ದು ಮನಸ್ಸು ಸೋತದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಎಂ5ರ ಕಥೆ ಇನ್ನೂ ಸ್ವಾರಸ್ಯ. 4.4 ಲೀಟರ್ ವಿ8, ಜೊತೆಗೆ 197 ಪಿಎಸ್ ಮೋಟರ್, ಒಟ್ಟು 727 ಪಿಎಸ್, 1000 ನ್ಯೂಟನ್ ಮೀಟರ್. ನೂರಕ್ಕೆ 3.5 ಸೆಕೆಂಡ್. ಹಿಂದಿನ ಎಂ5 ಕಾಂಪಿಟಿಷನ್‌ಗೆ ಇದ್ದದ್ದು 625 ಪಿಎಸ್, ಅದು ನೂರಕ್ಕೆ ತೆಗೆದುಕೊಳ್ಳುತ್ತಿದ್ದದ್ದು 3.3 ಸೆಕೆಂಡ್. ನೂರು ಪಿಎಸ್ ಜಾಸ್ತಿಯಾಗಿ ಕಾರು ನಿಧಾನವಾಯಿತು! ಕಾರಣ ತೂಕ. ಬ್ಯಾಟರಿ, ಮೋಟರ್ ಎಲ್ಲ ಸೇರಿ ಹೊಸ ಎಂ5 ಎರಡೂವರೆ ಟನ್ ಹತ್ತಿರ ಬಂದಿದೆ, ಹಳೆಯದಕ್ಕಿಂತ ನಾನೂರು ಕಿಲೋಗೂ ಜಾಸ್ತಿ. ಡಿಕ್ಕಿಯಲ್ಲಿ ಐವತ್ತು ಕಿಲೋದ ಎಂಟು ಅಕ್ಕಿ ಮೂಟೆ ಹಾಕಿಕೊಂಡು ಓಟಕ್ಕೆ ನಿಂತ ಹಾಗೆ.

ಹಾಗಾದರೆ ಪ್ಲಗ್-ಇನ್ ದಂಡವೇ? ಅಲ್ಲ. ಎಂ5ರ 18.6 ಯೂನಿಟ್ ಬ್ಯಾಟರಿ ಆಗುಂಬೆ ಇಳಿಯುವಾಗ ಬರುವ ಶಕ್ತಿಯನ್ನೆಲ್ಲ ನುಂಗಿ ಇನ್ನೂ ಜಾಗ ಉಳಿಸಿಕೊಳ್ಳಬಲ್ಲದು. ಕ್ಯಾಮ್ರಿ ಸೋಲುವ ಜಾಗದಲ್ಲಿ ಇದು ಗೆಲ್ಲುತ್ತದೆ. ಬರೀ ಕರೆಂಟಿನಲ್ಲಿ ಸುಮಾರು 67 ಕಿ.ಮೀ. ಹೋಗುತ್ತದೆ ಎಂಬುದು ಯುರೋಪಿನ ಪರೀಕ್ಷೆಯ ಲೆಕ್ಕ. ಕಾಗದದ ಪ್ರಕಾರ ಮಂಗಳೂರಿನಿಂದ ಮಣಿಪಾಲ ಮುಟ್ಟಬೇಕು. ನಮ್ಮ ಸೆಕೆಗೆ ಎಸಿ ಹಾಕಿಕೊಂಡು ಹೋದರೆ ಕಾಪು ದಾಟುವಷ್ಟರಲ್ಲಿ ವಿ8 ಎದ್ದರೆ ಆಶ್ಚರ್ಯವಿಲ್ಲ.

ಚಾರ್ಜ್ ಮಾಡದೇ ಓಡಿಸಿದರೆ ಪ್ಲಗ್-ಇನ್‌ಗೆ ಅರ್ಥವೇ ಇಲ್ಲ. ಎಂ5ರ ಯುರೋಪಿನ ಅಧಿಕೃತ ಲೆಕ್ಕ ನೂರು ಕಿ.ಮೀ.ಗೆ ಎರಡು ಲೀಟರ್‌ಗಿಂತಲೂ ಕಮ್ಮಿ. ಸ್ಕೂಟರಿನ ಮೈಲೇಜ್! ದಿನಾ ಪ್ಲಗ್ ಹಾಕುತ್ತಾರೆ ಎಂದು ಹಿಡಿದು ಮಾಡಿದ ಲೆಕ್ಕ ಅದು. ಯುರೋಪಿಯನ್ ಕಮಿಷನ್ 2024ರಲ್ಲಿ ರಸ್ತೆಯ ಮೇಲಿನ ಅಂಕಿ-ಅಂಶ ಪ್ರಕಟಿಸಿತು. ಪ್ಲಗ್-ಇನ್ ಕಾರುಗಳು ನಿಜದಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಪರೀಕ್ಷೆಯ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಎಂದು ಅದರಲ್ಲಿ ತಿಳಿಯಿತು. ಲೆಕ್ಕದಲ್ಲಿ ಹಿಡಿದಷ್ಟು ಸಲ ಜನ ಪ್ಲಗ್ ಹಾಕುತ್ತಿರಲಿಲ್ಲ, ಅಷ್ಟೇ. ಬಿಜೈಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಚಾರ್ಜಿಂಗ್ ಪಾಯಿಂಟ್‌ಗೆ ಅಸೋಸಿಯೇಷನ್ ಒಪ್ಪಿಗೆ ಕೊಡುವುದೇ ಇಲ್ಲ ಎಂದಾದರೆ ನಮ್ಮಲ್ಲೂ ಬೇರೆ ಕಥೆಯಾಗದು. ಸ್ವಂತ ಮನೆ, ಅಂಗಳದಲ್ಲಿ ಶೆಡ್, ಹದಿನೈದು ಆಂಪಿಯರ್ ಪ್ಲಗ್ ಇದ್ದರೆ ರಾತ್ರಿ ಬೆಳಗಾಗುವುದರೊಳಗೆ ತುಂಬುತ್ತದೆ. ಜೂನ್ ತಿಂಗಳ ಗಾಳಿಮಳೆಗೆ ಕರೆಂಟ್ ಹೋಗದಿದ್ದರೆ.

ಮೈಲೇಜ್ ಎಷ್ಟು ಕೊಡ್ತದೆ ಮಾರಾಯ್ರೆ?

ಐವತ್ತು ಲಕ್ಷದ ಕಾರಿಗೂ ನಮ್ಮೂರಿನಲ್ಲಿ ಇದೇ ಮೊದಲ ಪ್ರಶ್ನೆ. ಬ್ಯಾಂಕು ಹುಟ್ಟಿಸಿದ ಜಿಲ್ಲೆ, ಲೆಕ್ಕ ಬಿಡುವುದುಂಟೇ.

ಕ್ಯಾಮ್ರಿಯ ಪರೀಕ್ಷಾ ಅಂಕಿ ಲೀಟರಿಗೆ 25.49 ಕಿ.ಮೀ. ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ಈಗಿನ ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ. ಅದಕ್ಕೇ ಆರೇಳು ಶೇಕಡ ಹೋಯಿತು. ಒಳ್ಳೆಯದಾಗಿ ಓಡಿಸಿದರೆ 17 ಸಿಗುತ್ತದೆ ಎಂದು ಹಿಡಿಯೋಣ. ಅದೇ ಗಾತ್ರದ ಟರ್ಬೊ ಪೆಟ್ರೋಲ್ ಸೆಡಾನ್ ಪೇಟೆಯಲ್ಲಿ 10 ಕೊಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ 15,000 ಕಿ.ಮೀ., ಲೀಟರಿಗೆ ನೂರು ರೂಪಾಯಿ. ಉಳಿಯುವುದು ಸುಮಾರು 62,000 ರೂಪಾಯಿ.

ಈಗ ಇನ್ನೊಂದು ಕಡೆ ನೋಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್. 48 ಲಕ್ಷದ ಕಾರಿಗೆ ಒಂಬತ್ತು ಲಕ್ಷಕ್ಕೂ ಮೇಲೆ ಆಯಿತು. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟುಕೊಟ್ಟಿತು. ಕಾರು ತಯಾರಾಗುವ ನಮ್ಮ ರಾಜ್ಯದಲ್ಲಿ ಇಂಥ ದುಬಾರಿ ಹೈಬ್ರಿಡ್‌ಗೆ ಆ ಭಾಗ್ಯ ಇಲ್ಲ. ಹದಿನೈದು ವರ್ಷ ಪೆಟ್ರೋಲ್ ಉಳಿಸಿದರೆ ತೆರಿಗೆಯ ದುಡ್ಡು ಬಂತು ಎನ್ನಬೇಕಷ್ಟೇ. ಮೈಲೇಜಿಗಾಗಿ ಐಷಾರಾಮಿ ಹೈಬ್ರಿಡ್ ಕೊಳ್ಳುತ್ತೇನೆ ಎಂಬುದು ಮನೆಯವರನ್ನು ಒಪ್ಪಿಸಲು ಹೇಳುವ ಮಾತು.

ಜಿಎಸ್‌ಟಿ ಕೂಡ ಆಟ ಬದಲಿಸಿದೆ. 2025ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಇಂಥ ಹೈಬ್ರಿಡ್‌ಗೆ ಸೆಸ್ ಸೇರಿ ಶೇ. 43 ತೆರಿಗೆ ಇತ್ತು, ದೊಡ್ಡ ಇಂಜಿನ್‌ನ ಪೆಟ್ರೋಲ್ ಸೆಡಾನ್‌ಗೆ ಶೇ. 48. ಈಗ ಎರಡಕ್ಕೂ ಶೇ. 40. ಎರಡೂ ಅಗ್ಗವಾದವು, ಆದರೆ ಹೈಬ್ರಿಡ್‌ಗೆ ಇದ್ದ ಐದು ಶೇಕಡದ ಅನುಕೂಲ ಮಾಯವಾಯಿತು. ಸರ್ಕಾರದ ಕಣ್ಣಿಗೆ ಈಗ ದೊಡ್ಡ ಹೈಬ್ರಿಡ್ ಮತ್ತು ದೊಡ್ಡ ಪೆಟ್ರೋಲ್ ಒಂದೇ. ಇವಿಗೆ, ಅಂದರೆ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಶೇ. 5. ಬಿವೈಡಿ ಸೀಲ್‌ನಂಥ ಎಲೆಕ್ಟ್ರಿಕ್ ಸೆಡಾನ್ 2024ರಲ್ಲಿ ಬಂದಾಗ ಅದರ ಮೇಲಿನ ಮಾದರಿಗೆ 53 ಲಕ್ಷ ಬೆಲೆ ಇತ್ತು. ಶಕ್ತಿ 530 ಪಿಎಸ್, ನೂರಕ್ಕೆ 3.8 ಸೆಕೆಂಡ್. ಕ್ಯಾಮ್ರಿಯ ದುಡ್ಡಿಗೆ ಎಂ5ರ ಆಸುಪಾಸಿನ ಜಿಗಿತ! ಅಂಕಿಯೇ ಪರ್ಫಾರ್ಮೆನ್ಸ್ ಎಂದಾದರೆ ಹೈಬ್ರಿಡ್ ಆವತ್ತೇ ಸೋತಿತು. ಹೈಬ್ರಿಡ್ ಕೊಳ್ಳುವವರು ಕೊಳ್ಳುವುದು ಬೇರೆಯದನ್ನು: ರಾತ್ರಿ ಹನ್ನೊಂದಕ್ಕೆ ಹೊರಟು ಬೆಂಗಳೂರು ಮುಟ್ಟುವಾಗ ಚಾರ್ಜರ್ ಖಾಲಿ ಇದೆಯಾ ಎಂದು ಫೋನ್ ನೋಡದೇ ಇರುವ ನೆಮ್ಮದಿ.

ಉಪ್ಪುಗಾಳಿ, ಮಳೆ, ದುಬೈ

ಕರಾವಳಿಯಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಇವು ಯಾವ ಪರೀಕ್ಷಾ ವರದಿಯಲ್ಲೂ ಬರುವುದಿಲ್ಲ.

ಹೈಬ್ರಿಡ್‌ನಲ್ಲಿ ಮಾಮೂಲಿ ಬ್ರೇಕ್‌ಗೆ ಕೆಲಸ ಕಡಿಮೆ. ಪ್ಯಾಡ್ ಬೇಗ ಸವೆಯುವುದಿಲ್ಲ ಎಂದು ಖುಷಿಪಡುವ ಮೊದಲು ನಮ್ಮ ಹವೆ ನೆನಪಿರಲಿ. ಉಜ್ಜಿಸಿಕೊಳ್ಳದ ಡಿಸ್ಕ್ ಮೇಲೆ ಉಪ್ಪುಗಾಳಿ ಮತ್ತು ತೇವಕ್ಕೆ ತುಕ್ಕು ಬೇಗ ಕೂರುತ್ತದೆ. ಉಳ್ಳಾಲ, ಸುರತ್ಕಲ್, ಮಲ್ಪೆಯ ಕಡಲ ಬದಿ ಮನೆ ಇದ್ದವರು ವಾರಕ್ಕೊಮ್ಮೆಯಾದರೂ ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ನಾಲ್ಕು ಸಲ ಬ್ರೇಕ್ ಒತ್ತುವುದು ಲೇಸು.

ಬ್ಯಾಟರಿ ತಣ್ಣಗಿರಲು ಕ್ಯಾಬಿನ್ನಿನ ಗಾಳಿ ಬೇಕು. ಟೊಯೊಟಾದಂಥ ಕಾರುಗಳಲ್ಲಿ ಹಿಂದಿನ ಸೀಟಿನ ಬಳಿ ಅದಕ್ಕೊಂದು ಜಾಲರಿ ಇರುತ್ತದೆ. ಅದರ ಮುಂದೆ ಬ್ಯಾಗು, ಮಗುವಿನ ಬಟ್ಟೆ, ಒದ್ದೆ ಕೊಡೆ ಒಟ್ಟಿದರೆ ಬ್ಯಾಟರಿ ಬಿಸಿಯಾಗುತ್ತದೆ. ಬಿಸಿಯಾದ ಬ್ಯಾಟರಿಯಿಂದ ಶಕ್ತಿ ತೆಗೆಯುವುದನ್ನು ಕಾರು ತಾನೇ ಕಡಿಮೆ ಮಾಡುತ್ತದೆ. ಮೇ ತಿಂಗಳಲ್ಲಿ ಪಿಕಪ್ ಇಲ್ಲ ಎಂಬ ದೂರಿಗೆ ಕೆಲವೊಮ್ಮೆ ಕಾರಣ ಇಷ್ಟೇ.

ಇನ್ನು ಗಲ್ಫ್‌ನಲ್ಲಿರುವವರ ಕಾರು. ವರ್ಷದಲ್ಲಿ ಎರಡು ತಿಂಗಳು ಊರಿನಲ್ಲಿ ಓಡಿ, ಹತ್ತು ತಿಂಗಳು ಬೊಂದೇಲ್‌ನ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ಹೈಬ್ರಿಡ್‌ಗೆ ಇದು ಆಗಿಬರುವುದಿಲ್ಲ. ಅದರಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ಮಾಮೂಲಿ 12 ವೋಲ್ಟ್ ಬ್ಯಾಟರಿಯೂ ಇದೆ. ಕಂಪ್ಯೂಟರುಗಳನ್ನು ಎಬ್ಬಿಸುವುದು ಈ ಚಿಕ್ಕದು. ಇದು ಸತ್ತರೆ ದೊಡ್ಡದರಲ್ಲಿ ಎಷ್ಟು ಕರೆಂಟ್ ಇದ್ದರೂ ಡ್ಯಾಶ್‌ಬೋರ್ಡ್ ಉರಿಯುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ದೊಡ್ಡದೂ ಇಳಿಯುತ್ತಾ ಹೋಗುತ್ತದೆ. ಮನೆಯಲ್ಲಿರುವ ಅಪ್ಪನೋ ಭಾವನೋ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕಾರು ಆನ್ ಮಾಡಿ ರೆಡಿ ಸ್ಥಿತಿಯಲ್ಲಿ ಇಡಬೇಕು. ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತದೆ. ಓಡದ ಕಾರಿಗೆ ಆ ಕಿಲೋಮೀಟರಿನಿಂದ ಪ್ರಯೋಜನವಿಲ್ಲ, ವರ್ಷ ಮಾತ್ರ ಕಳೆಯುತ್ತದೆ. ಇಂಥ ಕಾರು ಕಡಿಮೆ ಓಡಿದೆ ಎಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಹೆಚ್ಚಿನ ಬೆಲೆ ಕೊಡುವವರು ಮೀಟರಿನ ಜೊತೆಗೆ ಬ್ಯಾಟರಿಯ ಆರೋಗ್ಯದ ವರದಿಯನ್ನೂ ಕೇಳಬೇಕು.

ಕೊನೆಗೆ ಟೆಸ್ಟ್ ಡ್ರೈವ್. ಶೋರೂಮಿನವರು ಹೆದ್ದಾರಿಯ ನೇರ ತುಂಡಿಗೆ ಕರೆದುಕೊಂಡು ಹೋಗುತ್ತಾರೆ, ಬ್ಯಾಟರಿ ತುಂಬಿದ ಕಾರಿನಲ್ಲಿ, ನೀವೊಬ್ಬರೇ ಕೂತು. ಅಲ್ಲಿ ಎಲ್ಲ ಹೈಬ್ರಿಡ್ಡೂ ಚೆನ್ನಾಗಿಯೇ ಓಡುತ್ತದೆ. ಮನೆಯವರನ್ನು ಹಿಂದೆ ಕೂರಿಸಿ, ಎಸಿ ಜೋರಾಗಿಟ್ಟು, ಟ್ರಾಫಿಕ್‌ನಲ್ಲಿ ಬ್ಯಾಟರಿ ಗುರುತು ಕೆಳಗಿಳಿಯುವವರೆಗೆ ಕಾದು, ಆಮೇಲೆ ಕದ್ರಿ ಏರು ಹತ್ತಿಸಿ ನೋಡಬೇಕು ಎಂದು ಹೇಳಿ. ವಾಪಸ್ ಬರುವಾಗ ನಿಮ್ಮ ಮನೆಯ ಗೇಟಿನ ಇಳಿಜಾರಿನಲ್ಲೂ ಒಮ್ಮೆ ಇಳಿಸಿ. ಸೆಡಾನ್‌ನ ಹೊಟ್ಟೆ ನೆಲಕ್ಕೆ ತಾಗುತ್ತದೋ ಇಲ್ಲವೋ ಎಂಬುದಕ್ಕೂ ಹೈಬ್ರಿಡ್‌ಗೂ ಸಂಬಂಧ ಇಲ್ಲ, ಆದರೆ ಅದನ್ನು ಬುಕಿಂಗ್‌ಗೆ ಮೊದಲೇ ತಿಳಿದುಕೊಳ್ಳಬೇಕು.